ಬ್ರೆಕ್ಸಿಟ್‌ನ ಲೆಕ್ಕ: ನಷ್ಟ ಎಂದರೆ ಯಾವುದಕ್ಕೆ ಹೋಲಿಸಿ?

2016ರ ಜೂನ್ 23ರ ಜನಮತಗಣನೆಯಲ್ಲಿ ಮತ ಹಾಕಿದ ಬ್ರಿಟಿಷರ ಪೈಕಿ ಶೇ 51.9ರಷ್ಟು ಮಂದಿ ಐರೋಪ್ಯ ಒಕ್ಕೂಟದಿಂದ ಹೊರಬರಬೇಕು ಎಂದರು, ಶೇ 48.1ರಷ್ಟು ಮಂದಿ ಉಳಿಯಬೇಕು ಎಂದರು. 2020ರ ಜನವರಿ 31ರಂದು ದೇಶ ಅಧಿಕೃತವಾಗಿ ಹೊರಬಂತು. ಅದೇ ವರ್ಷದ ಕೊನೆಯ ದಿನ ಪರಿವರ್ತನೆಯ ಅವಧಿಯೂ ಮುಗಿದು, ಒಕ್ಕೂಟದ ಏಕ ಮಾರುಕಟ್ಟೆಯ ನಂಟು ಕಡಿದುಹೋಯಿತು. ಉತ್ತರ ಐರ್ಲೆಂಡಿನ ಸರಕು ವ್ಯಾಪಾರಕ್ಕೆ ಮಾತ್ರ ಪ್ರತ್ಯೇಕ ವ್ಯವಸ್ಥೆ ಉಳಿಯಿತು. ಇದೆಲ್ಲ ಆಗಿ ವರ್ಷಗಳೇ ಕಳೆದರೂ ಈ ನಿರ್ಧಾರದಿಂದ ಬ್ರಿಟನ್ನಿನ ಆರ್ಥಿಕತೆಗೆ ಏನಾಯಿತು ಎಂಬುದರ ಬಗ್ಗೆ ಒಮ್ಮತ ಮೂಡಿಲ್ಲ. ಒಕ್ಕೂಟದಲ್ಲೇ ಉಳಿದಿದ್ದರೆ ಇರಬಹುದಾಗಿದ್ದಕ್ಕಿಂತ ದೇಶದ ಜಿಡಿಪಿ ಶೇ 2ರಿಂದ 3ರಷ್ಟು ಕಡಿಮೆ ಇದೆ ಎನ್ನುವ ಅಧ್ಯಯನವಿದೆ, ಶೇ 6ರಿಂದ 8ರಷ್ಟು ಕಡಿಮೆ ಇದೆ ಎನ್ನುವ ಅಧ್ಯಯನವೂ ಇದೆ, ಹೇಳಿಕೊಳ್ಳುವಂಥ ನಷ್ಟವೇ ಆಗಿಲ್ಲ ಎಂದು ವಾದಿಸುವ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಎಲ್ಲರ ಮುಂದಿರುವುದು ಒಂದೇ ದೇಶದ ಅಂಕಿಅಂಶ. ಆದರೂ ಉತ್ತರಗಳು ಇಷ್ಟು ದೂರ ದೂರ ಏಕೆ ನಿಲ್ಲುತ್ತವೆ ಎಂಬುದು ಅರ್ಥವಾದರೆ ಈ ಇಡೀ ಜಗಳವೇ ಬಹುಮಟ್ಟಿಗೆ ಅರ್ಥವಾದಂತೆ.

ಮೊದಲು ಬ್ರಿಟನ್ ಬಿಟ್ಟುಬಂದದ್ದು ಏನನ್ನು ಎಂಬುದು ಸ್ಪಷ್ಟವಾಗಬೇಕು. ವ್ಯಾಪಾರ ಒಪ್ಪಂದ ಎಂದಕೂಡಲೇ ನಮ್ಮ ಮನಸ್ಸಿಗೆ ಬರುವುದು ಆಮದು ಸುಂಕ. 2020ರ ಡಿಸೆಂಬರ್ 24ರಂದು ಎರಡೂ ಕಡೆಯವರು ಕುದುರಿಸಿಕೊಂಡ ಒಪ್ಪಂದದ ಪ್ರಕಾರ, ಅರ್ಹತೆ ಪಡೆದ ಸರಕುಗಳಿಗೆ ಸುಂಕವೂ ಇಲ್ಲ, ಪ್ರಮಾಣದ ಮಿತಿಯೂ ಇಲ್ಲ. ಹಾಗಿದ್ದರೆ ನಷ್ಟ ಎಲ್ಲಿಂದ ಬಂತು ಎಂದು ಬ್ರೆಕ್ಸಿಟ್ ಪರ ವಾದಿಸುವವರು ಕೇಳುವುದು ಸಹಜವೇ. ಉತ್ತರ ಇರುವುದು ಏಕ ಮಾರುಕಟ್ಟೆಯ ಸ್ವರೂಪದಲ್ಲಿ. 1993ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆ ಸುಂಕದ ಗೋಡೆಗಿಂತ ಹೆಚ್ಚಾಗಿ ಕಾಗದಪತ್ರದ ಗೋಡೆಯನ್ನು ಕೆಡವಿತ್ತು. ಒಂದು ಸದಸ್ಯ ದೇಶದಲ್ಲಿ ಮಾರಾಟಕ್ಕೆ ಯೋಗ್ಯವೆನಿಸಿದ ವಸ್ತು ಉಳಿದ ಸದಸ್ಯ ದೇಶಗಳಲ್ಲೂ ಯೋಗ್ಯ, ಅದನ್ನು ಗಡಿಯಲ್ಲಿ ಮತ್ತೆ ತಪಾಸಣೆ ಮಾಡುವ ಅಗತ್ಯವಿಲ್ಲ ಎಂಬುದೇ ಅದರ ತಿರುಳು. ಇದನ್ನು ಕಟ್ಟಲು ಅತ್ಯಂತ ಉತ್ಸಾಹದಿಂದ ದುಡಿದ ಸರ್ಕಾರಗಳಲ್ಲಿ ಮಾರ್ಗರೆಟ್ ಥ್ಯಾಚರ್ ಅವರದೂ ಒಂದು ಎಂಬುದನ್ನು ಇಂದಿನ ವಾಗ್ವಾದದ ಎರಡೂ ಪಕ್ಷಗಳು ಅಷ್ಟಾಗಿ ನೆನೆಯುವುದಿಲ್ಲ.

ಸುಂಕ ಸೊನ್ನೆಯಾಗಿದ್ದೂ ವ್ಯಾಪಾರ ಹೇಗೆ ನಿಲ್ಲಬಹುದು ಎಂಬುದಕ್ಕೆ ಚಿಪ್ಪುಮೀನಿನ ರಫ್ತನ್ನು ನೋಡಬಹುದು. ಬ್ರಿಟನ್ನಿನ ಕರಾವಳಿಯಲ್ಲಿ ಬೆಳೆಯುವ ಮಸಲ್, ಆಯ್ಸ್ಟರ್ ಮುಂತಾದ ಚಿಪ್ಪುಜೀವಿಗಳನ್ನು ಜೀವಂತವಾಗಿಯೇ ಯುರೋಪಿನ ಮುಖ್ಯಭೂಮಿಗೆ ಕಳಿಸಲಾಗುತ್ತಿತ್ತು. ಅವು ಬೆಳೆಯುವ ನೀರನ್ನು ಶುದ್ಧತೆಯ ಆಧಾರದ ಮೇಲೆ 'ಎ', 'ಬಿ' ಎಂದು ದರ್ಜೆಗಳಾಗಿ ವಿಂಗಡಿಸಲಾಗುತ್ತದೆ. 'ಬಿ' ದರ್ಜೆಯ ನೀರಿನ ಸರಕನ್ನು ತಿನ್ನುವ ಮುನ್ನ ಶುದ್ಧ ನೀರಿನ ತೊಟ್ಟಿಗಳಲ್ಲಿಟ್ಟು ಶುದ್ಧೀಕರಿಸಬೇಕು. ಸದಸ್ಯ ದೇಶವಾಗಿದ್ದಾಗ ಸರಕು ಸೇರಿದ ದೇಶದಲ್ಲೇ ಈ ಕೆಲಸ ಮಾಡಿಸಿಕೊಳ್ಳಲು ಅವಕಾಶವಿತ್ತು. ಹೊರಗಿನ ದೇಶಗಳಿಗೆ ಅನ್ವಯಿಸುವ ನಿಯಮ ಬೇರೆ: ಅಲ್ಲಿಂದ ಬರುವ ಸರಕು ಹೊರಡುವ ಮೊದಲೇ ಶುದ್ಧೀಕರಣಗೊಂಡಿರಬೇಕು. 2021ರಲ್ಲಿ ಬ್ರಿಟನ್ನಿಗೆ ಈ ಹೊರಗಿನವರ ನಿಯಮ ತಗಲಿತು. ಸಮುದ್ರ ಬದಲಾಗಲಿಲ್ಲ, ಮೀನು ಬದಲಾಗಲಿಲ್ಲ, ಕೊಳ್ಳುವವರೂ ಬದಲಾಗಲಿಲ್ಲ. ಆದರೂ ವರ್ಷಗಳಿಂದ ನಡೆದುಬಂದಿದ್ದ ವಹಿವಾಟು ಹಲವರ ಪಾಲಿಗೆ ಏಕಾಏಕಿ ನಿಂತುಹೋಯಿತು. ಉಳಿದ ಮಾಂಸ, ಮೀನು, ಹಾಲಿನ ಉತ್ಪನ್ನಗಳಿಗೂ ಪಶುವೈದ್ಯರೋ ಅಧಿಕೃತ ತಪಾಸಕರೋ ಸಹಿ ಮಾಡಿದ ಆರೋಗ್ಯ ಪ್ರಮಾಣಪತ್ರ ಬೇಕಾಯಿತು. ಯಂತ್ರೋಪಕರಣಗಳನ್ನು ಮಾಡುವವರು ತಮ್ಮ ವಸ್ತುವಿನ ಎಷ್ಟು ಪಾಲು ಬ್ರಿಟನ್ನಿನಲ್ಲೋ ಒಕ್ಕೂಟದಲ್ಲೋ ತಯಾರಾಗಿದೆ ಎಂಬುದನ್ನು ದಾಖಲೆಸಹಿತ ತೋರಿಸಬೇಕಾಯಿತು. ತೋರಿಸಲಾಗದಿದ್ದರೆ ಸೊನ್ನೆ ಸುಂಕದ ಸೌಲಭ್ಯ ಇಲ್ಲ.

ಇಂಥ ಖರ್ಚಿನಲ್ಲಿ ಒಂದು ವಿಶೇಷವಿದೆ. ಒಂದು ಪ್ರಮಾಣಪತ್ರಕ್ಕೆ ತಗಲುವ ಹಣವೂ ಸಮಯವೂ ಒಂದು ಲಾರಿ ಸರಕಿಗೆ ಎಷ್ಟೋ, ನಾಲ್ಕು ಪೆಟ್ಟಿಗೆ ಸರಕಿಗೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಹೊರೆ ಸಣ್ಣವರ ಮೇಲೆ ಹೆಚ್ಚು ಬಿತ್ತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 2024ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊಸ ವ್ಯವಸ್ಥೆಯ ಕಾರಣದಿಂದ ಸುಮಾರು 16,400 ಸಂಸ್ಥೆಗಳು ಒಕ್ಕೂಟಕ್ಕೆ ರಫ್ತು ಮಾಡುವುದನ್ನೇ ಬಿಟ್ಟವು. ದೊಡ್ಡ ಕಂಪನಿಗಳು ಬಹುಪಾಲು ತಡೆದುಕೊಂಡವು. ರಫ್ತಿನ ಮೌಲ್ಯದಲ್ಲಿ ದೊಡ್ಡವರದೇ ಸಿಂಹಪಾಲು ಆದ್ದರಿಂದ ಒಟ್ಟು ಮೊತ್ತವನ್ನು ಮಾತ್ರ ನೋಡುವವರಿಗೆ ಪೆಟ್ಟು ಸಣ್ಣದಾಗಿ ಕಾಣುತ್ತದೆ. ರಫ್ತು ಬಿಟ್ಟ ಸಣ್ಣ ಸಂಸ್ಥೆಗಳನ್ನು ಎಣಿಸುವವರಿಗೆ ಅದೇ ಪೆಟ್ಟು ದೊಡ್ಡದು. ಭಿನ್ನಾಭಿಪ್ರಾಯದ ಮೊದಲ ಎಳೆ ಇಲ್ಲೇ ಸಿಗುತ್ತದೆ.

ಆದರೆ ಸಾರ್ವಜನಿಕ ಚರ್ಚೆ ಹದಗೆಟ್ಟದ್ದು ಇದಕ್ಕೂ ಮುಂಚೆ, 2016ರ ಪ್ರಚಾರದ ದಿನಗಳಲ್ಲಿ. ಅಂದು ಎರಡು ಸಂಖ್ಯೆಗಳು ಎಲ್ಲರ ಬಾಯಲ್ಲೂ ಇದ್ದವು. ಹೊರಬರುವ ಪಕ್ಷದವರು ಕೆಂಪು ಬಸ್ಸಿನ ಮೇಲೆ ಬರೆಸಿದ್ದು ವಾರಕ್ಕೆ 35 ಕೋಟಿ ಪೌಂಡ್: ಇಷ್ಟು ಹಣವನ್ನು ಒಕ್ಕೂಟಕ್ಕೆ ಕಳಿಸುತ್ತಿದ್ದೇವೆ, ಇದನ್ನು ರಾಷ್ಟ್ರೀಯ ಆರೋಗ್ಯ ಸೇವೆಗೆ ಕೊಡೋಣ ಎಂಬ ಕರೆ. ಈ ಮೊತ್ತ ತಪ್ಪು. 1984ರಲ್ಲಿ ಥ್ಯಾಚರ್ ಹಟ ಹಿಡಿದು ಪಡೆದಿದ್ದ ರಿಯಾಯಿತಿಯನ್ನು ಕಳೆದ ಮೇಲೆಯೇ ಹಣ ಹೋಗುತ್ತಿದ್ದುದರಿಂದ 35 ಕೋಟಿ ಎಂಬುದು ಬ್ರಿಟನ್ ಎಂದೂ ಕಳಿಸದ ಮೊತ್ತ. ಕಳಿಸಿದ್ದರಲ್ಲೂ ಒಂದು ಪಾಲು ರೈತರಿಗೆ, ಹಿಂದುಳಿದ ಪ್ರದೇಶಗಳಿಗೆ, ಸಂಶೋಧನೆಗೆ ಮರಳಿ ಬರುತ್ತಿತ್ತು. ದೇಶದ ಅಂಕಿಅಂಶ ಪ್ರಾಧಿಕಾರ ಪ್ರಚಾರದ ಸಮಯದಲ್ಲೇ ಇದು ದಾರಿ ತಪ್ಪಿಸುವ ಸಂಖ್ಯೆ ಎಂದು ಹೇಳಿತು. ಅದರಿಂದ ಬಸ್ಸೇನೂ ನಿಲ್ಲಲಿಲ್ಲ.

ಉಳಿಯುವ ಪಕ್ಷದವರ ಸಂಖ್ಯೆ 4,300 ಪೌಂಡ್. ಹೊರಬಂದರೆ ಪ್ರತಿ ಕುಟುಂಬಕ್ಕೆ ವರ್ಷಕ್ಕೆ ಇಷ್ಟು ನಷ್ಟ ಎಂದು ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಹೇಳಿದರು. ಇದರ ಬುನಾದಿಯಲ್ಲಿ ಹುರುಳಿತ್ತು. 2030ರ ಹೊತ್ತಿಗೆ ಜಿಡಿಪಿ, ಒಕ್ಕೂಟದಲ್ಲೇ ಉಳಿದಿದ್ದರೆ ಇರಬಹುದಾದದ್ದಕ್ಕಿಂತ ಶೇ 6.2ರಷ್ಟು ಕಡಿಮೆ ಇರುತ್ತದೆ ಎಂಬುದು ಖಜಾನೆ ಇಲಾಖೆಯ ಅಂದಾಜು. ಆದರೆ ಆ ಮೊತ್ತವನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿ, ಬಂದ ಭಾಗಲಬ್ಧವನ್ನು ಕುಟುಂಬದ ನಷ್ಟ ಎಂದು ಸಾರಿದ್ದು ಸರಿಯಲ್ಲ. ಜಿಡಿಪಿಯಲ್ಲಿ ಕಂಪನಿಗಳ ಲಾಭವೂ ಸರ್ಕಾರದ ವೆಚ್ಚವೂ ಸೇರಿರುತ್ತವೆ, ಅದು ಮನೆಗೆ ಬರುವ ಆದಾಯವಲ್ಲ. ಅದಕ್ಕಿಂತ ಮುಖ್ಯವಾಗಿ, ಕೇಳಿದ ಬಹುತೇಕರು ಇದನ್ನು ಇಂದಿನ ಆದಾಯದಲ್ಲಿ 4,300 ಪೌಂಡ್ ಕಡಿತ ಎಂದು ಗ್ರಹಿಸಿದರು. ಅಂದಾಜು ಹೇಳಿದ್ದು ಬೇರೆ: ಆದಾಯ ಬೆಳೆಯುತ್ತದೆ, ಆದರೆ ಬೆಳೆಯಬಹುದಾಗಿದ್ದಷ್ಟು ಬೆಳೆಯುವುದಿಲ್ಲ. ಈ ವ್ಯತ್ಯಾಸವನ್ನು ವಿವರಿಸುವ ಹೊಣೆ ಹೊತ್ತವರು ವಿವರಿಸದೆ ಬಿಟ್ಟದ್ದು ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ದೊಡ್ಡ ತಪ್ಪುಗಳಲ್ಲೊಂದು.

ಇನ್ನೊಂದು ತಪ್ಪು ಅದರ ಬೆನ್ನಿಗೇ ಬಂತು. 2016ರ ಮೇ ತಿಂಗಳಲ್ಲಿ ಖಜಾನೆ ಇಲಾಖೆ ಅಲ್ಪಾವಧಿಯ ಮುನ್ನೋಟವೊಂದನ್ನು ಪ್ರಕಟಿಸಿ, ಹೊರಬರುವ ಪರ ಮತ ಬಿದ್ದರೆ ತಕ್ಷಣವೇ ಆರ್ಥಿಕ ಹಿಂಜರಿತ ಉಂಟಾಗುತ್ತದೆ, ಸುಮಾರು 5 ಲಕ್ಷ ಉದ್ಯೋಗಗಳು ನಷ್ಟವಾಗುತ್ತವೆ ಎಂದಿತು. ಮತ ಬಿತ್ತು, ಹಿಂಜರಿತ ಬರಲಿಲ್ಲ, ಉದ್ಯೋಗ ಹೆಚ್ಚಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಆಗಸ್ಟ್‌ನಲ್ಲೇ ಬಡ್ಡಿದರವನ್ನು ಶೇ 0.5ರಿಂದ ಶೇ 0.25ಕ್ಕೆ ಇಳಿಸಿತು, ಜನ ಖರ್ಚು ಮಾಡುವುದನ್ನು ನಿಲ್ಲಿಸಲಿಲ್ಲ, ಮತ್ತು ವ್ಯಾಪಾರದ ನಿಯಮಗಳಲ್ಲಿ ಒಂದಕ್ಷರವೂ ಇನ್ನೂ ಬದಲಾಗಿರಲಿಲ್ಲ. ಆ ಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ಆಂಡಿ ಹಾಲ್ಡೇನ್ ಅವರೇ 2017ರ ಆರಂಭದಲ್ಲಿ, 1987ರ ಚಂಡಮಾರುತವನ್ನು ಮುಂಗಾಣದೆ ಹೋದ ಹವಾಮಾನ ನಿರೂಪಕರ ಪ್ರಸಂಗಕ್ಕೆ ತಮ್ಮ ವೃತ್ತಿಬಾಂಧವರ ಸ್ಥಿತಿಯನ್ನು ಹೋಲಿಸಿದರು. ಅಲ್ಪಾವಧಿಯ ಮುನ್ನೋಟ ಸುಳ್ಳಾದದ್ದರಿಂದ ದೀರ್ಘಾವಧಿಯದೂ ಸುಳ್ಳೇ ಎಂಬ ತೀರ್ಮಾನಕ್ಕೆ ಲಕ್ಷಾಂತರ ಜನ ಬಂದುಬಿಟ್ಟರು. ಇವೆರಡೂ ಬೇರೆ ಬೇರೆ ವಿಧಾನಗಳಿಂದ ಹುಟ್ಟಿದ ಅಂದಾಜುಗಳು. ಮೊದಲನೆಯದು ಜನರ ಆತಂಕವನ್ನು ಊಹಿಸಲು ಹೊರಟಿತ್ತು. ಎರಡನೆಯದಕ್ಕೆ ಆಧಾರ ದಶಕಗಳ ವ್ಯಾಪಾರದ ದಾಖಲೆ. ತಜ್ಞರ ಮಾತು ಸಾಕಾಗಿದೆ ಎಂಬರ್ಥದಲ್ಲಿ ಹೊರಬರುವ ಪಕ್ಷದ ಮುಂದಾಳು ಮೈಕಲ್ ಗೋವ್ ಪ್ರಚಾರದ ವೇಳೆ ಆಡಿದ ಮಾತಿಗೆ ತಜ್ಞರೇ ಹೀಗೆ ಬಲ ತುಂಬಿದರು.

ಆ ದಿನಗಳಲ್ಲಿ ನಿಜವಾಗಿಯೂ ತಕ್ಷಣ ಬಿದ್ದದ್ದು ಪೌಂಡ್. ಫಲಿತಾಂಶದ ರಾತ್ರಿ ಒಂದು ಪೌಂಡಿಗೆ 1.50 ಡಾಲರ್ ಇದ್ದದ್ದು ಬೆಳಗಾಗುವಷ್ಟರಲ್ಲಿ 1.33ರ ಆಸುಪಾಸಿಗೆ ಕುಸಿಯಿತು. 1985ರ ನಂತರ ಪೌಂಡ್ ಅಷ್ಟು ಕೆಳಗೆ ಇಳಿದಿರಲಿಲ್ಲ. ಆಮದು ವಸ್ತುಗಳ ಬೆಲೆ ಏರಿ, 2017ರ ನವೆಂಬರ್‌ನಲ್ಲಿ ಹಣದುಬ್ಬರ ಶೇ 3.1 ತಲುಪಿತು. ಬೆಲೆ ಏರಿಕೆಯನ್ನು ಎಲ್ಲರೂ ಅನುಭವಿಸಿದರು, ಆದರೆ ಅದಕ್ಕೆ ಬ್ರೆಕ್ಸಿಟ್ ಎಂಬ ಚೀಟಿ ಅಂಟಿರಲಿಲ್ಲ.

ಈಗ ಜಗಳದ ಕೇಂದ್ರಕ್ಕೆ ಬರಬಹುದು. 'ಬ್ರೆಕ್ಸಿಟ್‌ನಿಂದ ಇಷ್ಟು ನಷ್ಟ' ಎನ್ನುವ ಪ್ರತಿಯೊಂದು ವಾಕ್ಯವೂ ಒಂದು ಹೋಲಿಕೆ. ಅದರ ಒಂದು ಬದಿಯಲ್ಲಿ ಇಂದಿನ ಬ್ರಿಟನ್ ಇದೆ. ಇನ್ನೊಂದು ಬದಿಯಲ್ಲಿರುವುದು ಒಕ್ಕೂಟದಲ್ಲೇ ಉಳಿದ, ಎಲ್ಲೂ ಇಲ್ಲದ ಬ್ರಿಟನ್. ಆ ಎರಡನೆಯ ದೇಶವನ್ನು ಯಾರೂ ಅಳೆಯಲಾರರು, ಕಟ್ಟಿಕೊಳ್ಳಬೇಕು. ಅದನ್ನು ಹೇಗೆ ಕಟ್ಟಿಕೊಳ್ಳುತ್ತಾರೆ ಎಂಬುದರ ಮೇಲೆ ಉತ್ತರ ನಿಂತಿದೆ.

ಒಂದು ವಿಧಾನದಲ್ಲಿ ಬೇರೆ ಬೇರೆ ಮುಂದುವರಿದ ದೇಶಗಳ ಅಂಕಿಅಂಶಗಳನ್ನು ಇಂತಿಷ್ಟು ಪ್ರಮಾಣದಲ್ಲಿ ಬೆರೆಸಿ, 2016ರವರೆಗೆ ಬ್ರಿಟನ್ನಿನ ಬೆಳವಣಿಗೆಯ ರೇಖೆಗೆ ಸರಿಹೊಂದುವ ಪ್ರತಿರೂಪವೊಂದನ್ನು ತಯಾರಿಸುತ್ತಾರೆ. ಆಮೇಲೆ ನಿಜವಾದ ಬ್ರಿಟನ್ ಆ ಪ್ರತಿರೂಪಕ್ಕಿಂತ ಎಷ್ಟು ಹಿಂದೆ ಬಿತ್ತು ಎಂದು ನೋಡುತ್ತಾರೆ. ಸೆಂಟರ್ ಫಾರ್ ಯುರೋಪಿಯನ್ ರಿಫಾರ್ಮ್ ಸಂಸ್ಥೆಯ ಜಾನ್ ಸ್ಪ್ರಿಂಗ್‌ಫೋರ್ಡ್ ಈ ದಾರಿಯಲ್ಲಿ ಹೋಗಿ, 2022ರ ಮಧ್ಯದ ಹೊತ್ತಿಗೆ ಜಿಡಿಪಿ ಶೇ 5.5ರಷ್ಟು ಕಡಿಮೆ ಇತ್ತು ಎಂದು ಲೆಕ್ಕ ಹಾಕಿದರು. ಟೀಕಾಕಾರರ ಆಕ್ಷೇಪ ಹಗುರವಾದುದಲ್ಲ. ಇಂಥ ಮಿಶ್ರಣಗಳಲ್ಲಿ ಅಮೆರಿಕಕ್ಕೆ ದೊಡ್ಡ ಪಾಲು ಸಿಕ್ಕಿದರೆ, ಕೋವಿಡ್ ನಂತರ ಅಲ್ಲಿನ ಸರ್ಕಾರ ಸುರಿದ ಭಾರಿ ಹಣ, ಅಲ್ಲಿನ ಅಗ್ಗದ ಇಂಧನ ಇವುಗಳ ಫಲವೂ ಬ್ರೆಕ್ಸಿಟ್ ನಷ್ಟದ ಖಾತೆಗೆ ಜಮೆಯಾಗುತ್ತದೆ. ನೆರೆಯ ಜರ್ಮನಿ, ಫ್ರಾನ್ಸ್‌ಗಳ ಜೊತೆ ಹೋಲಿಸಿ, 2016ರಿಂದ ಈಚೆಗೆ ಜರ್ಮನಿಗಿಂತ ಬ್ರಿಟನ್ನೇ ವೇಗವಾಗಿ ಬೆಳೆದಿದೆ ಎಂದು ಅವರು ತೋರಿಸುತ್ತಾರೆ. ಅದು ನಿಜ. ಆದರೆ 2016ಕ್ಕೆ ಹಿಂದಿನ ಎರಡು ದಶಕಗಳಲ್ಲಿ ಬ್ರಿಟನ್ ಈ ನೆರೆಯವರಿಗಿಂತ ಒಟ್ಟಾರೆ ಮುಂದಿತ್ತು ಎಂಬುದೂ ನಿಜ. ಮುಂದೆ ಓಡುತ್ತಿದ್ದವನು ಈಗ ಜೊತೆಗೆ ಓಡುತ್ತಿದ್ದರೆ ಅದನ್ನು ಸಮಬಲ ಎನ್ನಬೇಕೋ ಹಿನ್ನಡೆ ಎನ್ನಬೇಕೋ? ನನಗೆ ಹಿನ್ನಡೆ ಎಂಬ ವಾದವೇ ಹೆಚ್ಚು ಸಮಂಜಸವೆನಿಸುತ್ತದೆ, ಅದರಲ್ಲೂ ಈ ಅವಧಿಯಲ್ಲಿ ವಲಸೆಯಿಂದ ಬ್ರಿಟನ್ನಿನ ಜನಸಂಖ್ಯೆಯೇ ಗಣನೀಯವಾಗಿ ಏರಿ, ತಲಾ ಲೆಕ್ಕದಲ್ಲಿ ಬೆಳವಣಿಗೆ ಇನ್ನೂ ಕಡಿಮೆಯಾಗುವುದನ್ನು ಗಮನಿಸಿದಾಗ.

ಅಳತೆಗೋಲೂ ಅಲುಗಾಡುತ್ತದೆ. 2021ರ ಕೊನೆಯಲ್ಲಿ ಬ್ರಿಟನ್ನಿನ ಆರ್ಥಿಕತೆ ಕೋವಿಡ್ ಪೂರ್ವ ಮಟ್ಟಕ್ಕಿಂತ ಶೇ 1.2ರಷ್ಟು ಕೆಳಗಿತ್ತು ಎಂದು ಹೇಳಿದ್ದ ರಾಷ್ಟ್ರೀಯ ಅಂಕಿಅಂಶ ಕಚೇರಿ, 2023ರ ಸೆಪ್ಟೆಂಬರ್‌ನಲ್ಲಿ ಪರಿಷ್ಕರಿಸಿ, ಶೇ 0.6ರಷ್ಟು ಮೇಲಿತ್ತು ಎಂದಿತು. ಹಿಂದಿನ ಅಂಕಿಯನ್ನು ನಂಬಿ ಕಟ್ಟಿದ ವಾದಗಳೆಲ್ಲ ಒಂದೇ ದಿನದಲ್ಲಿ ಅಷ್ಟರಮಟ್ಟಿಗೆ ಸಡಿಲಗೊಂಡವು.

ಎರಡನೆಯ ವಿಧಾನ ವ್ಯಾಪಾರದಿಂದ ಹೊರಡುತ್ತದೆ. ಎರಡು ದೇಶಗಳ ನಡುವಿನ ವ್ಯಾಪಾರ ಅವುಗಳ ಆರ್ಥಿಕ ಗಾತ್ರಕ್ಕೆ ತಕ್ಕಂತೆ ಹೆಚ್ಚುತ್ತದೆ, ದೂರಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ ಎಂಬ ಗುರುತ್ವದ ಮಾದರಿಯನ್ನು ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗನ್ 1962ರಲ್ಲಿ ಮುಂದಿಟ್ಟರು. ಈ ಮಾದರಿಯನ್ನೇ ಹೆಚ್ಚಾಗಿ ಆಧರಿಸಿದ ಹಲವು ಅಧ್ಯಯನಗಳನ್ನು ಗಣನೆಗೆ ತೆಗೆದುಕೊಂಡು, ಬ್ರಿಟನ್ನಿನ ಸ್ವತಂತ್ರ ಆಯವ್ಯಯ ಪರಿಶೀಲನಾ ಸಂಸ್ಥೆಯಾದ ಒಬಿಆರ್, ದೀರ್ಘಾವಧಿಯಲ್ಲಿ ಆಮದು ರಫ್ತು ಎರಡೂ ಶೇ 15ರಷ್ಟು, ಉತ್ಪಾದಕತೆ ಶೇ 4ರಷ್ಟು ಕಡಿಮೆಯಾಗುತ್ತದೆ ಎಂದು ಅಂದಾಜು ಮಾಡಿದೆ. ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ 'ಶೇ 4' ಇದೇ. ಇದು ಆಗಿಹೋದದ್ದರ ಅಳತೆಯಲ್ಲ, ಸುಮಾರು 15 ವರ್ಷಗಳಲ್ಲಿ ಪೂರ್ಣವಾಗುವ ಪರಿಣಾಮದ ಅಂದಾಜು ಎಂಬುದನ್ನು ಉಲ್ಲೇಖಿಸುವವರು ಆಗಾಗ ಮರೆಯುತ್ತಾರೆ.

ಇದಕ್ಕೆ ಎದುರಾಗಿ ಕಾರ್ಡಿಫ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಮಿನ್‌ಫೋರ್ಡ್, ಬ್ರೆಕ್ಸಿಟ್‌ನಿಂದ ಜಿಡಿಪಿ ಶೇ 4ರಷ್ಟು ಹೆಚ್ಚುತ್ತದೆ ಎಂದು ವಾದಿಸಿದ್ದರು. ಅವರು ಗುರುತ್ವದ ಮಾದರಿಯನ್ನು ಒಪ್ಪುವುದಿಲ್ಲ. ಬ್ರಿಟನ್ ತನ್ನ ಆಮದು ಸುಂಕಗಳನ್ನೆಲ್ಲ ತಾನಾಗಿ ತೆಗೆದುಹಾಕಿ ಇಡೀ ಜಗತ್ತಿನಿಂದ ಅಗ್ಗವಾಗಿ ಕೊಂಡರೆ ಬಳಕೆದಾರರಿಗೆ ಲಾಭವಾಗುತ್ತದೆ, ಸ್ಪರ್ಧೆಯಿಂದ ಉತ್ಪಾದಕತೆ ಏರುತ್ತದೆ ಎಂಬುದು ಅವರ ತರ್ಕ. ಬಹುಪಾಲು ಅರ್ಥಶಾಸ್ತ್ರಜ್ಞರು ಇದನ್ನು ಒಪ್ಪಲಿಲ್ಲ. ಸರ್ಕಾರವೂ ಸುಂಕಗಳನ್ನು ಹಾಗೆ ಸಾರಾಸಗಟಾಗಿ ತೆಗೆಯಲಿಲ್ಲ. ಹಾಗಾಗಿ ಅವರ ಮುನ್ನೋಟ ಪರೀಕ್ಷೆಗೇ ಒಳಪಡಲಿಲ್ಲ ಎನ್ನುವುದು ನ್ಯಾಯ. ದೂರದ ದೇಶಗಳೊಂದಿಗೆ ಮಾಡಿಕೊಂಡ ಹೊಸ ಒಪ್ಪಂದಗಳು ಮಾತ್ರ ಗುರುತ್ವದ ಮಾದರಿ ಹೇಳಿದಂತೆಯೇ ಸಣ್ಣ ಫಲ ತೋರುತ್ತವೆ. ಆಸ್ಟ್ರೇಲಿಯಾ ಒಪ್ಪಂದದಿಂದ ಜಿಡಿಪಿಗೆ ಶೇ 0.08ರಷ್ಟು ಲಾಭ ಎಂದು ಬ್ರಿಟಿಷ್ ಸರ್ಕಾರವೇ ಅಂದಾಜು ಮಾಡಿತು. 2025ರ ಜುಲೈನಲ್ಲಿ ಭಾರತದ ಜೊತೆ ಸಹಿ ಹಾಕಿದ ಒಪ್ಪಂದದಿಂದ ದೀರ್ಘಾವಧಿಯಲ್ಲಿ ವರ್ಷಕ್ಕೆ 480 ಕೋಟಿ ಪೌಂಡ್ ಲಾಭ ಎಂಬುದು ಅದರದೇ ಲೆಕ್ಕ. ಇದು ಜಿಡಿಪಿಯ ಶೇ 0.13ರಷ್ಟು.

ಮೂರನೆಯ ದಾರಿ ಕಂಪನಿಗಳನ್ನೇ ಕೇಳುವುದು. ಬ್ಯಾಂಕ್ ಆಫ್ ಇಂಗ್ಲೆಂಡ್ ವಿಶ್ವವಿದ್ಯಾಲಯಗಳ ಜೊತೆಗೂಡಿ 2016ರಿಂದ ಸಾವಿರಾರು ಸಂಸ್ಥೆಗಳ ಹಣಕಾಸು ಮುಖ್ಯಸ್ಥರನ್ನು ನಿಯಮಿತವಾಗಿ ಪ್ರಶ್ನಿಸುತ್ತ ಬಂದಿದೆ. ಆ ಉತ್ತರಗಳನ್ನು ದೇಶಗಳ ಹೋಲಿಕೆಯೊಂದಿಗೆ ಜೋಡಿಸಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2025ರಲ್ಲಿ ಪ್ರಕಟಿಸಿದ ಪ್ರಬಂಧವೇ ಶೇ 6ರಿಂದ 8ರ ಅಂದಾಜಿನ ಮೂಲ. ಅದರಲ್ಲಿ ನನಗೆ ಮಹತ್ವದ್ದೆನಿಸಿದ್ದು ಸಂಖ್ಯೆಗಿಂತ ಕಾರಣ. ವ್ಯಾಪಾರದ ನಿಯಮ ಬದಲಾಗುವ ಮೊದಲೇ ಅನಿಶ್ಚಿತತೆ ತನ್ನ ಕೆಲಸ ಮಾಡಿತ್ತು. 2019ರಲ್ಲಿ ಪ್ರಧಾನಿ ತೆರೇಸಾ ಮೇ ಅವರ ಒಪ್ಪಂದವನ್ನು ಸಂಸತ್ತು ಮೂರು ಬಾರಿ ತಿರಸ್ಕರಿಸಿದಾಗ, ಮುಂದಿನ ತಿಂಗಳು ಯಾವ ಕಾನೂನು ಇರುತ್ತದೆ ಎಂಬುದೇ ತಿಳಿಯದೆ ಉದ್ಯಮಗಳು ಹೂಡಿಕೆಯನ್ನು ಮುಂದೂಡಿದವು, ಆಡಳಿತ ವರ್ಗದ ಸಮಯವೆಲ್ಲ ಪರ್ಯಾಯ ಸಿದ್ಧತೆಗೆ ಹೋಯಿತು. ಕೊಳ್ಳದೆ ಬಿಟ್ಟ ಯಂತ್ರ ಯಾವ ಸುದ್ದಿಯಲ್ಲೂ ಬರುವುದಿಲ್ಲ. ಹತ್ತು ವರ್ಷಗಳಲ್ಲಿ ಹರಡಿಕೊಂಡ ಇಂಥ ನಷ್ಟವನ್ನು ಮತದಾರರು ನಷ್ಟವೆಂದು ಗುರುತಿಸುವುದೇ ಕಷ್ಟ.

ಬ್ರೆಕ್ಸಿಟ್ ಪರ ವಾದಿಗಳ ಕೈಯಲ್ಲಿರುವ ಗಟ್ಟಿ ಸಾಕ್ಷ್ಯವನ್ನೂ ಹೇಳಬೇಕು. ಸರಕುಗಳ ರಫ್ತು ಸೊರಗಿದರೂ ಸೇವೆಗಳ ರಫ್ತು ಚೆನ್ನಾಗಿ ಬೆಳೆದಿದೆ. ಒಕ್ಕೂಟದಾದ್ಯಂತ ವ್ಯವಹರಿಸುವ ಹಕ್ಕನ್ನು ಲಂಡನ್ನಿನ ಬ್ಯಾಂಕುಗಳು ಕಳೆದುಕೊಂಡವು, 2021ರ ಜನವರಿಯಲ್ಲಿ ಷೇರು ವಹಿವಾಟಿನ ಮೊತ್ತದಲ್ಲಿ ಆಮ್‌ಸ್ಟರ್‌ಡ್ಯಾಮ್ ಲಂಡನ್ನನ್ನು ಹಿಂದಿಕ್ಕಿತು. ಆದರೂ ಭಯಪಟ್ಟಷ್ಟು ದೊಡ್ಡ ಪ್ರಮಾಣದಲ್ಲಿ ಬ್ಯಾಂಕ್ ಉದ್ಯೋಗಗಳು ಲಂಡನ್ನಿನಿಂದ ವಲಸೆ ಹೋಗಲಿಲ್ಲ. 2025ರಲ್ಲಿ ಅಮೆರಿಕ ಹೊಸ ಸುಂಕ ಹೇರಿದಾಗ ಬ್ರಿಟನ್ನಿಗೆ ಶೇ 10, ಒಕ್ಕೂಟಕ್ಕೆ ಶೇ 15ರ ಮೂಲ ದರ ನಿಗದಿಯಾದದ್ದು ಹೊರಗಿದ್ದುದರ ನೇರ ಲಾಭ. ಕೋವಿಡ್ ಲಸಿಕೆಗೆ ಬೇಗ ಅನುಮತಿ ಸಿಕ್ಕಿದ್ದೂ ಬ್ರೆಕ್ಸಿಟ್‌ನಿಂದಲೇ ಎಂಬ ಮಾತನ್ನು ಮಾತ್ರ ಒಪ್ಪಲಾಗದು: 2020ರ ಡಿಸೆಂಬರ್ 2ರಂದು ಅನುಮತಿ ಕೊಟ್ಟಾಗ ಬ್ರಿಟನ್ನಿಗೆ ಒಕ್ಕೂಟದ ಕಾನೂನೇ ಅನ್ವಯವಾಗುತ್ತಿತ್ತು, ಮತ್ತು ತುರ್ತು ಅನುಮತಿಗೆ ಆ ಕಾನೂನಿನಲ್ಲೇ ಅವಕಾಶವಿತ್ತು.

ಸರಾಸರಿಗಳಲ್ಲಿ ಊರುಗಳು ಕಾಣುವುದಿಲ್ಲ. ಈಶಾನ್ಯ ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನಲ್ಲಿ ನಿಸ್ಸಾನ್ ಕಂಪನಿಯ ಬೃಹತ್ ಕಾರು ಕಾರ್ಖಾನೆಯಿದೆ, ಅದರ ಕಾರುಗಳಿಗೆ ಯುರೋಪೇ ದೊಡ್ಡ ಮಾರುಕಟ್ಟೆ. ಆ ಊರು ಶೇ 61ರಷ್ಟು ಮತಗಳಿಂದ ಹೊರಬರುವ ಪರ ನಿಂತಿತು. ಇದನ್ನು ಅಜ್ಞಾನ ಎಂದು ತಳ್ಳಿಹಾಕುವವರು ಅಲ್ಲಿನ ಜನರ ಮಾತನ್ನು ಕೇಳಿಸಿಕೊಂಡಿಲ್ಲ. ಹಡಗುಕಟ್ಟೆ, ಕಲ್ಲಿದ್ದಲ ಗಣಿಗಳು ಮುಚ್ಚಿದ ಮೇಲೆ ಜಿಡಿಪಿ ಏರಿದ ವರ್ಷಗಳಲ್ಲೂ ತಮಗೆ ಬಂದದ್ದೇನು ಎಂದು ಕೇಳುವ ಊರಿಗೆ, ಜಿಡಿಪಿ ಇಳಿಯುತ್ತದೆ ಎಂಬ ಎಚ್ಚರಿಕೆ ನಾಟಲಿಲ್ಲ. ಮತದಾನದ ದಿನ ಲಾರ್ಡ್ ಆಶ್‌ಕ್ರಾಫ್ಟ್ ನಡೆಸಿದ ಸಮೀಕ್ಷೆಯಲ್ಲಿ, ಹೊರಬರುವ ಪರ ಮತ ಹಾಕಿದವರಲ್ಲಿ ಅರ್ಧದಷ್ಟು ಮಂದಿ ಮುಖ್ಯ ಕಾರಣವಾಗಿ ಹೇಳಿದ್ದು ಬ್ರಿಟನ್ನಿನ ನಿರ್ಧಾರಗಳು ಬ್ರಿಟನ್ನಿನಲ್ಲೇ ಆಗಬೇಕು ಎಂಬ ತತ್ವವನ್ನು. ಅದಕ್ಕೊಂದು ಬೆಲೆ ತೆರಬೇಕಾಗುತ್ತದೆ ಎಂದು ಅರಿತೇ ಮತ ಹಾಕಿದವರಿಗೆ, ಶೇ 4ರಷ್ಟು ನಷ್ಟವಾಯಿತು ಎಂದು ಸಾಬೀತು ಮಾಡಿದರೂ ಅವರ ನಿರ್ಧಾರ ತಪ್ಪಾಗುವುದಿಲ್ಲ. ಬೆಲೆಯೇ ಇಲ್ಲ ಎಂದು ನಂಬಿಸಿ ಮತ ಪಡೆದವರ ಮಾತು ಬೇರೆ.

ಈಗ ಚರ್ಚೆ, ಕಳೆದುಕೊಂಡದ್ದರಲ್ಲಿ ಎಷ್ಟನ್ನು ಮರಳಿ ಪಡೆಯಬಹುದು ಎಂಬಲ್ಲಿಗೆ ಬಂದಿದೆ. 2025ರ ಮೇ 19ರಂದು ಲಂಡನ್ನಿನಲ್ಲಿ ನಡೆದ ಶೃಂಗಸಭೆಯಲ್ಲಿ, ಆಹಾರ ಮತ್ತು ಕೃಷಿ ಉತ್ಪನ್ನಗಳ ಗಡಿ ತಪಾಸಣೆಯನ್ನು ಬಹುಮಟ್ಟಿಗೆ ಕೈಬಿಡುವ ಒಪ್ಪಂದಕ್ಕಾಗಿ ಮಾತುಕತೆ ನಡೆಸಲು ಎರಡೂ ಕಡೆಯವರು ಸಮ್ಮತಿಸಿದರು. ಅದೇ ವೇಳೆ ಬ್ರಿಟಿಷ್ ನೀರಿನಲ್ಲಿ ಒಕ್ಕೂಟದ ದೋಣಿಗಳು ಮೀನು ಹಿಡಿಯುವ ಅವಕಾಶವನ್ನು 2038ರವರೆಗೆ ಬ್ರಿಟನ್ ವಿಸ್ತರಿಸಿತು. ಆಹಾರ ಒಪ್ಪಂದವೂ ಇಂಗಾಲ ಮಾರುಕಟ್ಟೆಗಳ (ಇಂಗಾಲ ಹೊರಸೂಸುವ ಪರವಾನಗಿಗಳನ್ನು ಕೊಂಡು ಮಾರುವ ವ್ಯವಸ್ಥೆಗಳ) ಜೋಡಣೆಯೂ ಸೇರಿ 2040ರ ಹೊತ್ತಿಗೆ ಸುಮಾರು 900 ಕೋಟಿ ಪೌಂಡ್ ಲಾಭ ತರುತ್ತವೆ ಎಂದು ಸರ್ಕಾರ ಹೇಳುತ್ತದೆ. ಭಾರತದ ಒಪ್ಪಂದದ ಲಾಭಕ್ಕಿಂತ ಇದು ಹೆಚ್ಚು, ಒಬಿಆರ್ ಅಂದಾಜಿಸಿದ ನಷ್ಟದ ಮುಂದೆ ಬಹಳ ಕಡಿಮೆ. ಏಕ ಮಾರುಕಟ್ಟೆ, ಸುಂಕ ಒಕ್ಕೂಟ (ಹೊರಗಿನ ಸರಕಿಗೆ ಸದಸ್ಯರೆಲ್ಲ ಒಂದೇ ಸುಂಕ ಹಾಕುವ ವ್ಯವಸ್ಥೆ), ಜನರ ಮುಕ್ತ ಸಂಚಾರ ಈ ಮೂರಕ್ಕೂ ಮರಳುವುದಿಲ್ಲ ಎಂದು ಲೇಬರ್ ಸರ್ಕಾರ ತಾನೇ ಗೆರೆ ಎಳೆದುಕೊಂಡೇ 2024ರಲ್ಲಿ ಅಧಿಕಾರಕ್ಕೆ ಬಂತು. ಆ ಗೆರೆಯ ಒಳಗೆ ಇದಕ್ಕಿಂತ ದೊಡ್ಡ ಸಂಖ್ಯೆ ಸಿಗುವುದು ಕಷ್ಟ.